ಸೊನ್ನೆಯ ಹಟ ಬೇಡ, ವಾರದ ಲೆಕ್ಕ ಇರಲಿ

ಮೊದಲ ಸಂಬಳ ಕೈಗೆ ಬಂದಾಗ ಕೆಲವರು ಬೈಕ್ ಕೊಳ್ಳುತ್ತಾರೆ, ಕೆಲವರು ಹೊಸ ಮೊಬೈಲ್. ಬೆಂಗಳೂರಿನಂಥ ಊರಿನಲ್ಲಿ ಇನ್ನು ಕೆಲವರು ಬಾಡಿಗೆ ಮನೆಯ ಮೂಲೆಯಲ್ಲಿ ಪುಟ್ಟ ಸಮುದ್ರವನ್ನೇ ಕಟ್ಟುತ್ತಾರೆ. ಉಪ್ಪುನೀರು, ನೀಲಿ ಬೆಳಕು, ಒಂದು ಜೋಡಿ ಕ್ಲೌನ್ ಮೀನು, ಅಲೆಗೆ ಓಲಾಡುವ ಮೃದು ಹವಳ. ಬಿ.ಎಸ್ಸಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಇಂಥ ಆರು ತೊಟ್ಟಿಗಳ ನೀರು ನೋಡಿಕೊಂಡು ಕೈಖರ್ಚಿಗೆ ದುಡಿಯುತ್ತೇನೆ. ಹೋದ ಮನೆಯಲ್ಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ನೈಟ್ರೇಟ್ ಸೊನ್ನೆ ಆಗೋಕೆ ಯಾವ ಬಾಟಲಿ ಹಾಕಬೇಕು?’

ಬಾಟಲಿ ಮಾರಿಸಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ. ಆದರೂ ಹೇಳುತ್ತೇನೆ, ಈ ಪ್ರಶ್ನೆಯೇ ಸರಿಯಿಲ್ಲ. ನೈಟ್ರೇಟ್ ಎಂಬುದು ಹೊರಗಿನಿಂದ ಬಂದ ರೋಗವಲ್ಲ, ನಾವು ಹಾಕಿದ್ದರ ಮತ್ತು ತೆಗೆಯದೇ ಬಿಟ್ಟಿದ್ದರ ಲೆಕ್ಕ.

ಮೀನಿಗೆ ಹಾಕುವ ಆಹಾರದ ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ. ಮೀನು ಅದನ್ನು ತಿಂದು ಅಮೋನಿಯಾ ಹೊರಬಿಡುತ್ತದೆ. ತಿನ್ನದೇ ಉಳಿದದ್ದೂ ಕೊಳೆತು ಅಮೋನಿಯಾವೇ ಆಗುತ್ತದೆ. ಕಲ್ಲು, ಮರಳುಗಳ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲಿನ ಎರಡರಷ್ಟು ವಿಷ ಇದಲ್ಲ. ಆದರೆ ಇದು ತಾನಾಗಿ ಖಾಲಿಯಾಗುವುದು ತೀರಾ ನಿಧಾನ. ಆಮ್ಲಜನಕ ತಲುಪದ ಕಲ್ಲಿನ ಒಳಪದರದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸ್ವಲ್ಪ ನೈಟ್ರೇಟನ್ನು ಸಾರಜನಕದ ಅನಿಲವಾಗಿಸುತ್ತವೆ. ಉಳಿದದ್ದು ವಾರದಿಂದ ವಾರಕ್ಕೆ ಏರುತ್ತಾ ಹೋಗುತ್ತದೆ.

ಹಾಗಾದರೆ ಸೊನ್ನೆ ಮಾಡಿಬಿಟ್ಟರೆ ಒಳ್ಳೆಯದಲ್ಲವೇ? ಅಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುವುದು ಈ ಪಾಚಿಯೇ. ನೈಟ್ರೇಟ್ ಅತಿಯಾದರೆ ಪಾಚಿ ಹೆಚ್ಚಿ ಹವಳದ ಬಣ್ಣ ಕಂದಾಗುತ್ತದೆ, ಗಾಜಿನ ಮೇಲೂ ಕಲ್ಲಿನ ಮೇಲೂ ಹಸಿರು ಹಬ್ಬುತ್ತದೆ. ತೀರಾ ಇಲ್ಲವಾದರೆ ಪಾಚಿ ಸೊರಗಿ ಹವಳ ಬಿಳಿಚಿಕೊಳ್ಳುತ್ತದೆ, ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಬಂದು ಕೂರುತ್ತದೆ. ಅದನ್ನು ಓಡಿಸುವುದು ಹಸಿರು ಪಾಚಿ ಓಡಿಸುವುದಕ್ಕಿಂತ ಕಷ್ಟ. ನಿಜವಾದ ಹವಳದಿಬ್ಬದ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ನೈಟ್ರೇಟ್ ಕೂಡ ಇರುವುದಿಲ್ಲ, ನಿಜ. ಆದರೆ ಅಲ್ಲಿ ಅಲೆಯ ಜೊತೆ ಸೂಕ್ಷ್ಮ ಆಹಾರ ಹಗಲು ರಾತ್ರಿ ಹರಿದು ಬರುತ್ತಿರುತ್ತದೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಆ ಅನುಕೂಲವಿಲ್ಲ. ಹಾಗಾಗಿ 2ರಿಂದ 10 ಮಿಲಿಗ್ರಾಂ ಒಳಗೆ, ಏರಿಳಿತವಿಲ್ಲದೆ ಇದ್ದರೆ ಸಾಕು.

‘ನನ್ನ ತೊಟ್ಟಿಯಲ್ಲಿ 40 ಇದೆ, ಹವಳ ಚೆನ್ನಾಗೇ ಇದೆಯಲ್ಲ’ ಎನ್ನುವವರೂ ಇದ್ದಾರೆ. ಕೆಲವು ಮೃದು ಹವಳಗಳು ತಡೆದುಕೊಳ್ಳುತ್ತವೆ, ಅಲ್ಲಗಳೆಯುವುದಿಲ್ಲ. ಆದರೆ ಕಳೆದ ತಿಂಗಳು 20 ಇದ್ದದ್ದು ಈಗ 40 ಆಗಿದ್ದರೆ ಮುಂದೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಇವತ್ತಿನ ಅಂಕಿಗಿಂತ ಅದು ಯಾವ ಕಡೆ ಹೊರಟಿದೆ ಎಂಬುದು ಮುಖ್ಯ.

ಈಗ ಸ್ವಲ್ಪ ಹೈಸ್ಕೂಲ್ ಗಣಿತ. ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 4 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ, ನೀವು ವಾರಕ್ಕೆ ಶೇ 10ರಷ್ಟು ನೀರು ಬದಲಿಸುತ್ತೀರಿ ಎಂದುಕೊಳ್ಳಿ. ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೂ ಅಂಕಿ ಏರುತ್ತಾ ಏರುತ್ತಾ 40ರ ಹತ್ತಿರ ಹೋಗಿ ನಿಲ್ಲುತ್ತದೆ. ಏಕೆಂದರೆ 40ರಲ್ಲಿ ಶೇ 10 ಎಂದರೆ 4. ಸೇರುವುದೂ ಅಷ್ಟೇ, ಹೋಗುವುದೂ ಅಷ್ಟೇ. ಶೇ 20ರಷ್ಟು ಬದಲಿಸಿದರೆ 20ಕ್ಕೆ ನಿಲ್ಲುತ್ತದೆ. ನೀರಿನ ಪ್ರಮಾಣ ಶೇ 10ರಲ್ಲೇ ಬಿಟ್ಟು, ಸೇರುವುದನ್ನು ಅರ್ಧಕ್ಕೆ ಇಳಿಸಿದರೂ ಅದೇ 20. ಎರಡನ್ನೂ ಮಾಡಿದರೆ 10. ಇದಕ್ಕೆ ಯಾವ ಬಾಟಲಿಯೂ ಬೇಕಿಲ್ಲ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ, ಹೆಪ್ಪುಗಟ್ಟಿದ ಆಹಾರವಾದರೆ ಕರಗಿದ ನೀರು ಚೆಲ್ಲಿ ಹಾಕುವುದು, ಫಿಲ್ಟರ್ ಬಟ್ಟೆಯನ್ನು ವಾರಗಟ್ಟಲೆ ಕೊಳೆಯಲು ಬಿಡದೆ ಮೂರು ದಿನಕ್ಕೊಮ್ಮೆ ತೊಳೆಯುವುದು. ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಅದರ ಕಪ್ ತುಂಬಿ ತುಳುಕುವವರೆಗೆ ಕಾಯದಿರುವುದು. ಅದು ನೈಟ್ರೇಟನ್ನು ತೆಗೆಯುವುದಿಲ್ಲ, ನೈಟ್ರೇಟ್ ಆಗುವ ಮೊದಲೇ ಕೊಳೆಯನ್ನು ನೊರೆಯ ಜೊತೆ ತೆಗೆಯುತ್ತದೆ. ಪಕ್ಕದ ತೊಟ್ಟಿಯಲ್ಲಿ ಕೀಟೋಮಾರ್ಫಾ ಎಂಬ ನೂಲಿನಂಥ ಪಾಚಿ ಬೆಳೆಸಿ ಆಗಾಗ ಹಿಡಿಹಿಡಿಯಾಗಿ ಕಿತ್ತು ಹಾಕುವುದೂ ಒಳ್ಳೆಯ ದಾರಿ. ಕಿತ್ತ ಪಾಚಿಯ ಜೊತೆ ಸಾರಜನಕವೂ ಹೊರಗೆ ಹೋಗುತ್ತದೆ.

ಇನ್ನು ಬಾಟಲಿಯ ವಿಷಯ. ನೈಟ್ರೇಟ್ ಇಳಿಸುವ ಹಲವು ದ್ರಾವಣಗಳಲ್ಲಿ ಇರುವುದು ವಿನೆಗರ್, ಆಲ್ಕೋಹಾಲ್‌ನಂಥ ಇಂಗಾಲದ ಮೂಲ. ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೆಳೆಯುವಾಗ ನೈಟ್ರೇಟ್, ಫಾಸ್ಫೇಟ್ ಎಳೆದುಕೊಳ್ಳುತ್ತದೆ, ಸ್ಕಿಮ್ಮರ್ ಆ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತದೆ. ಹನಿಹನಿಯಾಗಿ, ವಾರಗಟ್ಟಲೆ ಅಳೆದು ಹಾಕುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ‘ನಾಳೆಯೇ ಇಳಿಯಬೇಕು’ ಎಂದು ಸುರಿದರೆ ನೀರು ಹಾಲಿನಂತೆ ಬಿಳಿಯಾಗಿ, ಆಮ್ಲಜನಕ ಕುಸಿದು, ಬೆಳಗಾಗುವಷ್ಟರಲ್ಲಿ ಮೀನು ಮೇಲೆ ತೇಲುತ್ತಿರುತ್ತದೆ.

ಬದಲಿಸುವ ನೀರೇ ಕೆಟ್ಟಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಗೊಬ್ಬರ, ಚರಂಡಿ ನೀರುಗಳಿಂದಾಗಿ ಈ ಮಿತಿ ದಾಟಿದ ಬೋರ್‌ವೆಲ್‌ಗಳು ನಮ್ಮ ರಾಜ್ಯದಲ್ಲಿ ಬಹಳ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ನೈಟ್ರೇಟ್ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ಅಂಥ ನೀರಿಗೆ ಉಪ್ಪು ಬೆರೆಸಿ ತೊಟ್ಟಿಗೆ ಹಾಕಿದರೆ ನೈಟ್ರೇಟನ್ನೇ ಕೊಡದಲ್ಲಿ ಹೊತ್ತು ತಂದಂತೆ. ಅಡುಗೆಮನೆಯ ಆರ್‌ಒ ಕೂಡ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಆರ್‌ಒ ದಾಟಿದ ಮೇಲೆ ಡಿಐ ರಾಳದ ಮೂಲಕವೂ ಹಾದು, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರು ಬೇಕು. ಸೊನ್ನೆಯ ಹಟ ಹಿಡಿಯಬೇಕಾದ ಜಾಗ ಇದೊಂದೇ.

ಪರೀಕ್ಷಾ ಕಿಟ್ ಬಗ್ಗೆಯೂ ಒಂದು ಮಾತು. ಕಿಟ್‌ನ ಹಾಳೆಯನ್ನು ಓದಿ. ಕೆಲವು ಕಿಟ್‌ಗಳು ನೈಟ್ರೇಟ್ ಬದಲು ಅದರೊಳಗಿನ ಸಾರಜನಕವನ್ನಷ್ಟೇ ಹೇಳುತ್ತವೆ. ಆ ಅಂಕಿಯನ್ನು 4.4ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. ಚೆನ್ನಾಗಿ ಕುಲುಕಬೇಕು ಎಂದಿರುವ ಬಾಟಲಿಯನ್ನು ಕುಲುಕದಿದ್ದರೆ ಸುಳ್ಳು ‘ಕಡಿಮೆ’ ಬರುತ್ತದೆ. ಪ್ರತಿ ವಾರ ಅದೇ ದಿನ, ನೀರು ಬದಲಿಸುವ ಮೊದಲು ಅಳೆದು, ದಿನಾಂಕದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾನು ಹೋಗುವ ಮನೆಗಳಲ್ಲಿ ನೋಟ್‌ಬುಕ್ ಇಟ್ಟವರ ತೊಟ್ಟಿಗೂ ಇಡದವರ ತೊಟ್ಟಿಗೂ ಇರುವ ವ್ಯತ್ಯಾಸ ಬಾಗಿಲಿನಿಂದಲೇ ಕಾಣುತ್ತದೆ.

ಇಷ್ಟು ಚಿಕ್ಕ ಅಂಕಿಗೆ ಇಷ್ಟು ತಲೆಬಿಸಿ ಏಕೆ ಎನ್ನಬಹುದು. ಹವಳ ಅಲಂಕಾರದ ಕಲ್ಲಲ್ಲ, ಪ್ರಾಣಿ. ಹಸಿವಾದರೆ ಕೂಗುವುದಿಲ್ಲ, ನೋವಾದರೆ ಓಡುವುದಿಲ್ಲ, ಮೆಲ್ಲಗೆ ಮುದುಡಿಕೊಳ್ಳುತ್ತದೆ. ಕಲ್ಲಿನಂಥ ಗೂಡು ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಲಾಗಿದೆ. ನಮ್ಮದೇ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳದ ಒಂದು ತುಂಡು ಕಿತ್ತು ತರುವುದೂ ಅಪರಾಧ. ಎಲ್ಲಿಂದ ಬಂತೆಂದು ಅಂಗಡಿಯವರು ಹೇಳಲಾಗದ ಜೀವವನ್ನು ಕೊಳ್ಳಲೇಬೇಡಿ. ನೇರವಾಗಿ ತಂದದ್ದನ್ನೂ ಮೂರು ತಿಂಗಳಲ್ಲಿ ಸಾಯಿಸಿ ಮತ್ತೊಂದು ಕೊಳ್ಳುವುದಾದರೆ, ಅದಕ್ಕೆ ಹವ್ಯಾಸ ಎಂಬ ಹೆಸರು ಒಪ್ಪುವುದಿಲ್ಲ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ ಸರಳ. ಮೊದಲ ಎಂಟು ವಾರ ಬರೀ ಕಲ್ಲು, ಮರಳು, ಉಪ್ಪುನೀರು ಇಟ್ಟುಕೊಳ್ಳಿ. ಚಿಟಿಕೆ ಆಹಾರ ಹಾಕಿ, ಅಳೆದು, ಬರೆದು, ನೀರು ಬದಲಿಸಿ. ಎಂಟು ವಾರವೂ ಪುಟ ತುಂಬಿದರೆ ಮೀನು ತನ್ನಿ, ಆಮೇಲೆ ಹವಳ. ಕೆಲಸದ ಒತ್ತಡ, ಪರೀಕ್ಷೆ, ಊರಿನ ಜಾತ್ರೆ ಎಂದು ಮೂರು ವಾರದ ಸಾಲು ಖಾಲಿ ಉಳಿದರೆ ಬೇಸರ ಬೇಡ, ಇದು ನಿಮಗೆ ಸರಿಯಾದ ಕಾಲವಲ್ಲ ಅಷ್ಟೇ. ಖಾಲಿ ತೊಟ್ಟಿಯನ್ನು ಮಾರಿದರೆ ಅರ್ಧ ದುಡ್ಡಾದರೂ ವಾಪಸ್ ಬರುತ್ತದೆ, ಸತ್ತ ಹವಳ ಬರುವುದಿಲ್ಲ.