ತಿರುಗಿಸಿ ಕಳುಹಿಸಿದ ಆಂಬುಲೆನ್ಸ್: ಹೊಣೆ ಯಾರ ಲೆಕ್ಕಕ್ಕೆ?

ವ್ಯಾಪಾರದಲ್ಲಿ ಹುಂಡಿಯನ್ನು ಮತ್ತೊಬ್ಬರಿಗೆ ವರ್ಗಾಯಿಸುವವನು ಅದರ ಬೆನ್ನಿಗೆ ಸಹಿ ಹಾಕುತ್ತಾನೆ. ಹಣ ಸಂದಾಯವಾಗದಿದ್ದರೆ ಅವನೂ ಹೊಣೆಗಾರನಾಗುತ್ತಾನೆ. ಆದರೆ ಆಂಬುಲೆನ್ಸಿನಲ್ಲಿ ಬಂದ ಗಾಯಾಳುವನ್ನು "ಇಲ್ಲಿ ಸೌಲಭ್ಯವಿಲ್ಲ, ಮುಂದಕ್ಕೆ ಕೊಂಡೊಯ್ಯಿರಿ" ಎಂದು ಬಾಗಿಲಿನಿಂದಲೇ ಕಳುಹಿಸುವ ಆಸ್ಪತ್ರೆ ಯಾವ ಸಹಿಯನ್ನೂ ಹಾಕುವುದಿಲ್ಲ. ಈ ವರ್ಗಾವಣೆಗೆ ದಾಖಲೆ ಇಲ್ಲದಿರುವುದೇ ಸಮಸ್ಯೆಯ ಮೂಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಉದ್ದಿಮೆದಾರರಿಗೆ ಇದು ದೂರದ ಪ್ರಶ್ನೆಯಲ್ಲ. ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕುದಿಯುವ ನೀರು, ಕಾರ್ಖಾನೆಯಲ್ಲಿ ಯಂತ್ರ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸರಕಿನ ಲಾರಿ – ಅಪಾಯ ನಿತ್ಯವೂ ಜೊತೆಗಿದೆ. 2023ರ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಟ್ಯಾಂಕರಿಗೆ ವಾಹನವೊಂದು ಡಿಕ್ಕಿ ಹೊಡೆದು ಹನ್ನೆರಡಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಲೆಗೆ ತೀವ್ರ ಪೆಟ್ಟಾದರೆ ಬೆಂಗಳೂರಿನ ನಿಮ್ಹಾನ್ಸ್ ಕಡೆಗೇ ನೋಡಬೇಕಾದ ಪರಿಸ್ಥಿತಿಯಿದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್, ಗೌರಿಬಿದನೂರಿನಿಂದ ಇನ್ನೂ ಹೆಚ್ಚು. ದಾರಿಯಲ್ಲಿ ಎರಡು ಆಸ್ಪತ್ರೆಗಳ ಬಾಗಿಲು ತಟ್ಟಿ ಹಿಂದಿರುಗಿದರೆ, ಕಳೆದ ಸಮಯವನ್ನು ಯಾವ ಹಣವೂ ತಂದುಕೊಡಲಾರದು.

ಕಾನೂನಿನ ಕೊರತೆಯೇನೂ ಇಲ್ಲ. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬ ವೈದ್ಯನೂ ಜೀವರಕ್ಷಣೆಗೆ ಬದ್ಧನೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ವ್ಯಕ್ತಿಯೊಬ್ಬರನ್ನು ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಒಂದರ ನಂತರ ಒಂದು ಸರ್ಕಾರಿ ಆಸ್ಪತ್ರೆ ತಿರುಗಿಸಿ ಕಳುಹಿಸಿತು. ಕೊನೆಗೆ ಅವರು ಖಾಸಗಿ ಆಸ್ಪತ್ರೆ ಸೇರಬೇಕಾಯಿತು. 1996ರಲ್ಲಿ ನ್ಯಾಯಾಲಯವು 25,000 ರೂಪಾಯಿ ಪರಿಹಾರ ಕೊಡಿಸಿದ್ದಲ್ಲದೆ, ಹಾಸಿಗೆ ಎಲ್ಲಿ ಖಾಲಿಯಿದೆಯೆಂದು ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೇ ಕಳುಹಿಸುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಬೇಕೆಂದೂ ಸೂಚಿಸಿತು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಅಪಘಾತದ ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ ನೀಡಿ ಸ್ಥಿತಿಯನ್ನು ಸ್ಥಿರಗೊಳಿಸುವ ಹೊಣೆಯನ್ನು ಆಸ್ಪತ್ರೆಗಳ ಮೇಲೆ ಹೊರಿಸಿದೆ.

ಹಾಗೆಂದು ಎಲ್ಲ ವರ್ಗಾವಣೆಯೂ ತಪ್ಪಲ್ಲ. ನರರೋಗ ಶಸ್ತ್ರತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆ ಅಂಥ ಗಾಯಾಳುವನ್ನು ಇರಿಸಿಕೊಳ್ಳುವುದೇ ಅಪರಾಧವಾದೀತು. ರಕ್ತಸ್ರಾವ ನಿಲ್ಲಿಸಿ, ಮುಂದಿನ ಆಸ್ಪತ್ರೆಗೆ ದೂರವಾಣಿ ಮಾಡಿ, ಕಾರಣ ಬರೆದ ಚೀಟಿ ಕೊಟ್ಟು ಕಳುಹಿಸುವುದು ವೈದ್ಯಧರ್ಮ; ಬಾಗಿಲಿನಿಂದಲೇ ಕಳುಹಿಸುವುದು ಹೊಣೆಗೇಡಿತನ. ಇವೆರಡರ ವ್ಯತ್ಯಾಸ ದಾಖಲೆಯಿಂದ ಮಾತ್ರ ತಿಳಿಯುತ್ತದೆ.

"ಹಣ ಯಾರು ಕಟ್ಟುತ್ತಾರೆ?" ಎಂಬ ಪ್ರಶ್ನೆಗೂ ಈಗ ಭಾಗಶಃ ಉತ್ತರವಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಗಳವರೆಗೆ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಕಾರ್ಖಾನೆಯೊಳಗಿನ ಅಪಘಾತಕ್ಕೆ ಈ ರಕ್ಷಣೆಯಿಲ್ಲ. ಅಲ್ಲಿ ಮಾಲೀಕನ ಹೊಣೆ 1923ರ ಕಾಯ್ದೆಯ ಕಾಲದಿಂದಲೂ ಬಂದಿರುವಂಥದು. ಚಿಕಿತ್ಸೆ ತಡವಾಗಿ ಕೆಲಸಗಾರನು ಬೆರಳಿನ ಬದಲು ಕೈಯನ್ನೇ ಕಳೆದುಕೊಂಡರೆ ಪರಿಹಾರದ ಮೊತ್ತವೂ ಏರುತ್ತದೆ. ಅವನ ಕುಟುಂಬದ ನಷ್ಟವಂತೂ ಯಾವ ಪುಸ್ತಕದಲ್ಲಿಯೂ ಜಮೆಯಾಗದು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ಆಸ್ಪತ್ರೆಗಳು ಆಂಬುಲೆನ್ಸ್ ತಿರುಗಿಸುವ ಪದ್ಧತಿಯನ್ನು 2009ರ ಜನವರಿಯಿಂದಲೇ ನಿಷೇಧಿಸಿತು. ಇಲ್ಲಿ ಅಷ್ಟು ದೂರ ಹೋಗದಿದ್ದರೂ ಮೂರು ಕೆಲಸಗಳು ಸಾಧ್ಯ. ನಾಲ್ಕೂ ಪಟ್ಟಣಗಳ ಆಸ್ಪತ್ರೆಗಳಲ್ಲಿರುವ ತಜ್ಞರು ಹಾಗೂ ಖಾಲಿ ಹಾಸಿಗೆಗಳ ವಿವರ ಪ್ರತಿದಿನ 108 ಸೇವೆಗೆ ತಲುಪಬೇಕು. ತಿರುಗಿಸಿ ಕಳುಹಿಸಿದ ಪ್ರತಿ ಪ್ರಕರಣವೂ ವೇಳೆ ಮತ್ತು ಕಾರಣ ಸಹಿತ ವಹಿಯಲ್ಲಿ ನಮೂದಾಗಿ, ತಿಂಗಳಿಗೊಮ್ಮೆ ಜಿಲ್ಲಾಡಳಿತದ ಪರಿಶೀಲನೆಗೆ ಬರಬೇಕು. ಪ್ರತಿ ಘಟಕದ ಮಾಲೀಕರು ಯಾವ ಗಾಯಕ್ಕೆ ಯಾವ ಆಸ್ಪತ್ರೆ ಎಂಬ ಪಟ್ಟಿಯನ್ನು ಮುಂಚಿತವಾಗಿಯೇ ಗೋಡೆಗೆ ಅಂಟಿಸಬೇಕು.

ಮೊದಲೆರಡನ್ನು ಜಿಲ್ಲಾಡಳಿತದಿಂದ ಒತ್ತಾಯಿಸಿ ಪಡೆಯುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.