ಆ ಪುಟವನ್ನು ಅವರೂ ತೆರೆಯಲಿ

ಮಂಗಳೂರಿನ ದೇರೆಬೈಲಿನ ಮನೆಗಳಲ್ಲಿ, ಕೊಟ್ಟಾರದ ಆಫೀಸುಗಳಲ್ಲಿ ಕೂತು ದೂರದೇಶದ ಬ್ಯಾಂಕಿಗೂ ಆಸ್ಪತ್ರೆಗೂ ವೆಬ್‌ಸೈಟ್ ಕಟ್ಟಿಕೊಡುವ ಗೆಳೆಯರೇ, ಬ್ಲೂಬೆರಿ ಹಿಲ್ಸ್‌ನ ಕಿಯೋನಿಕ್ಸ್ ಜಾಗದಲ್ಲಿ ಟೆಕ್ ಪಾರ್ಕ್ ಯಾವಾಗ ಏಳುತ್ತದೆಂದು ಎದುರುನೋಡುತ್ತಿರುವ ತಂಗಿ ತಮ್ಮಂದಿರೇ, ನಿಮ್ಮಲ್ಲಿ ಒಂದು ಬೇಡಿಕೆ. ಅಮೆರಿಕದ ಗಿರಾಕಿ ಕೇಳಿದರೆ ಎಲ್ಲರಿಗೂ ನಿಲುಕುವ ಪುಟವನ್ನು ನೀವು ಅಚ್ಚುಕಟ್ಟಾಗಿ ಮಾಡಿಕೊಡುತ್ತೀರಿ. ಅಲ್ಲಿ ಕೇಸು ಬೀಳುತ್ತದೆಂಬ ಹೆದರಿಕೆಯೂ ಇದೆಯೆನ್ನಿ. ವಿದ್ಯೆ ನಿಮ್ಮ ಕೈಯಲ್ಲಿದೆ. ನಿಮಗೆ ಗೊತ್ತಿದೆ.

ಗೊತ್ತಿದ್ದೂ ನಮ್ಮೂರಿನ ಸೈಟು ಮಾಡುವಾಗ ಮರೆಯುವುದು ಯಾರನ್ನು? ದ, ಧ, ಥ ಒಂದರೊಳಗೊಂದು ಕಲಸಿಹೋಗುವ ಡಿಸ್ಲೆಕ್ಸಿಯಾದ ಹುಡುಗಿಯನ್ನು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿ ಅರ್ಥ ಮಾಡಿಕೊಳ್ಳುವ ಬೌದ್ಧಿಕ ನ್ಯೂನತೆಯ ಯುವಕನನ್ನು. ಆ ಸೈಟಿನಲ್ಲಿ ಅಕ್ಷರ ಸಣ್ಣದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, 'ಮೇಲ್ಕಂಡ ವಿವರಗಳನ್ನು ದೃಢೀಕರಿಸತಕ್ಕದ್ದು' ಎಂಬಂಥ ಭಾಷೆ ನಮಗೇ ಕಷ್ಟ. ಬೆರಳಿಟ್ಟು ಓದುತ್ತಾ ಆತ ಅರ್ಜಿಯ ಕೊನೆಗೆ ಬರುವಷ್ಟರಲ್ಲಿ ಸೊಟ್ಟ ಅಕ್ಷರಗಳ ಕ್ಯಾಪ್ಚಾ, ಅದನ್ನು ಬಿಡಿಸುವಷ್ಟರಲ್ಲಿ 'ಸೆಷನ್ ಎಕ್ಸ್‌ಪೈರ್ಡ್', ತುಂಬಿದ್ದೆಲ್ಲ ಖಾಲಿ. ಎಲ್ಲಿ ತಪ್ಪಿತೆಂದು ಹೇಳುವವರಿಲ್ಲ. ತಪ್ಪು ತನ್ನದೇ ಎಂದುಕೊಂಡು ಫೋನು ಕೆಳಗಿಡುತ್ತಾನೆ.

ಮರುದಿನ ಸೈಬರ್ ಅಂಗಡಿಯಲ್ಲಿ, ನಾಲ್ಕು ಜನರೆದುರು, ಆಧಾರ್ ನಂಬರು, ಪಾಸ್‌ವರ್ಡು, ಓಟಿಪಿ ಎಲ್ಲವನ್ನೂ ಬೇರೆಯವರ ಕೈಗೆ ಒಪ್ಪಿಸಬೇಕು. ಮತ ಹಾಕುವ ವಯಸ್ಸಿನವನಿಗೆ ತನ್ನ ಮಾಸಾಶನ ಬಂತೋ ಇಲ್ಲವೋ ಎಂದು ತಾನೇ ನೋಡಿಕೊಳ್ಳುವ ಭಾಗ್ಯವಿಲ್ಲ. ಇಂಥವರು ದೂರು ಬರೆಯುವುದಿಲ್ಲ, ಒಂದು ಸ್ಟಾರ್ ಕೊಟ್ಟು ಬೈಯುವುದೂ ಇಲ್ಲ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಅವರಿಗಿರುವ ಹೆಸರು 'ಡ್ರಾಪ್ ಆಫ್'. ಅದೂ ನಿಮಗೆ ಗೊತ್ತಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಬೌದ್ಧಿಕ ನ್ಯೂನತೆಯೂ ಇವೆ. ಕೆವೈಸಿಗಾಗಿ ಕ್ಯಾಮೆರಾದೆದುರು ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. ಡಿಜಿಟಲ್ ಸೇವೆ ಎಲ್ಲರ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿಗೇ ಸೇರಿದ್ದು ಎಂದು ಕೋರ್ಟು 2025ರ ಏಪ್ರಿಲ್ 30ರಂದು ಹೇಳಿತು. ಲಾಗಿನ್ನಿಗೆ ನೆನಪಿನ ಪರೀಕ್ಷೆ, ಒಗಟಿನ ಪರೀಕ್ಷೆಯೊಂದೇ ದಾರಿಯಾಗಬಾರದು, ಒಮ್ಮೆ ತುಂಬಿದ್ದನ್ನು ಅದೇ ಅರ್ಜಿಯಲ್ಲಿ ಮತ್ತೆ ತುಂಬಿಸಬಾರದು ಎಂದು 2023ರ ಅಕ್ಟೋಬರಿನಲ್ಲಿ ಬಂದ, ವೆಬ್ ಪುಟ ಎಲ್ಲರಿಗೂ ನಿಲುಕುವಂತೆ ಮಾಡುವ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಹೇಳುತ್ತದೆ. ನಿಮ್ಮಲ್ಲಿ ಎಷ್ಟೋ ಮಂದಿ ಅದನ್ನು ಓದಿಯೇ ಕೆಲಸಕ್ಕೆ ಸೇರಿದವರು. ನಿಮಗೆ ಗೊತ್ತಿದೆ.

ಹಾಗಾದರೆ ತಡೆಯುವುದೇನು? ಚಿಕ್ಕ ವಾಕ್ಯ, ಸಾಲುಗಳ ನಡುವೆ ಧಾರಾಳ ಜಾಗ, ಚಿತ್ರದ ಜೊತೆ ಮಾತೂ ಇರುವ ಬಟನ್, ಗಟ್ಟಿಯಾಗಿ ಓದಿಹೇಳುವ ಸೌಲಭ್ಯ, ತುಂಬಿದಷ್ಟು ಉಳಿಯುವ ಅರ್ಜಿ, ಇನ್ನಷ್ಟು ಸಮಯ. ಇವು ವಯಸ್ಸಾದ ನಿಮ್ಮ ಅಮ್ಮನಿಗೂ ಬೇಕಾದವೇ. ಡೆಡ್‌ಲೈನ್ ಇತ್ತು, ಕ್ಲೈಂಟ್ ಕೇಳಲಿಲ್ಲ ಎನ್ನುತ್ತೀರಿ. ಕೇಳಬೇಕಾದವರಿಗೆ ಆ ಮೀಟಿಂಗಿನಲ್ಲಿ ಕುರ್ಚಿಯೇ ಇರಲಿಲ್ಲ, ಕೂತಿದ್ದವರು ನೀವು.

ಮುಂದಿನ ರಿಲೀಸಿಗೆ ಮೊದಲು ಅಂಥ ಒಬ್ಬರನ್ನು ಗೌರವದಿಂದ ಕರೆದು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಸಮಯಕ್ಕೆ ಹಣ ಕೊಡಿ. ಅವರು ಎಲ್ಲಿ ತಡವರಿಸಿದರೋ ಅದನ್ನು ಬಗ್ ಎಂದೇ ಬರೆದುಕೊಳ್ಳಿ, ಸರಿಪಡಿಸದೆ ಸೈಟನ್ನು ಲೈವ್ ಮಾಡಬೇಡಿ.