ಕಳವಿನ ಚಿತ್ರಗಳೂ ವಿಮರ್ಶಕರ ನ್ಯಾಯವೂ

ದೊಡ್ಡದೊಂದು ಕಳವಿನ ಸಂಚನ್ನೇ ಕಥಾವಸ್ತುವಾಗಿ ಉಳ್ಳ ಚಲಚ್ಚಿತ್ರಗಳ ವಿಷಯದಲ್ಲಿ ವಿಮರ್ಶಕರೊಳಗೆ ಒಂದು ಸುಲಭಸೂತ್ರವು ರೂಢವಾಗಿಹೋಗಿದೆ: ಮೂಲವು ಚಿನ್ನ, ಮರುಚಿತ್ರವು ಹಿತ್ತಾಳೆ. ಹಳೆಯದರಲ್ಲಿ ಧರ್ಮಭೀತಿಯಿತ್ತು, ಕಳ್ಳನು ಕೊನೆಗೆ ಕೆಟ್ಟನು. ಹೊಸದರಲ್ಲಿ ಥಳಕು ಮಾತ್ರವುಂಟು, ಕಳ್ಳನು ನಗುತ್ತ ಹೊರಟುಹೋದನು ಎಂದು ತೀರ್ಪು ಹೊರಡುತ್ತದೆ. ಕೇಳುವುದಕ್ಕೆ ಇಂಪಾದ ಈ ತೀರ್ಪು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ.

1960ರ ‘ಓಷನ್ಸ್ ಇಲೆವೆನ್’ ಚಿತ್ರವನ್ನೇ ನೋಡಬಹುದು. ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ಆ ಚಿತ್ರದಲ್ಲಿ ಫ್ರಾಂಕ್ ಸಿನಾತ್ರಾನ ತಂಡವು ಲಾಸ್ ವೇಗಸ್ಸಿನ ಐದು ಜೂಜುಮಂದಿರಗಳನ್ನು ಒಂದೇ ರಾತ್ರಿ ದೋಚುತ್ತದೆ; ಶವಪೆಟ್ಟಿಗೆಯಲ್ಲಿ ಬಚ್ಚಿಟ್ಟ ಹಣವು ಶವದೊಡನೆ ಬೂದಿಯಾಗುತ್ತದೆ. ಇದನ್ನು ನೀತಿಯ ಜಯವೆಂದು ಕೊಂಡಾಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದು 1968ರಲ್ಲಿ ತೊಲಗಿದ ಹಾಲಿವುಡ್ಡಿನ ನಿರ್ಮಾಣಸಂಹಿತೆಯು, ಪ್ರೇಕ್ಷಕರ ಸಹಾನುಭೂತಿಯು ಅಪರಾಧದ ಕಡೆಗೆ ಹರಿಯಕೂಡದೆಂದು ವಿಧಿಸಿತ್ತು. ಕಟ್ಟಳೆಯ ನೆರಳಿನಲ್ಲಿ ಹುಟ್ಟಿದ ಮುಕ್ತಾಯವನ್ನು ಕವಿಹೃದಯದ ದರ್ಶನವೆಂದೆಣಿಸುವುದು, ಗೂಟಕ್ಕೆ ಕಟ್ಟಿದ ಹಸುವನ್ನು ಸಂಯಮಿಯೆಂದು ಹೊಗಳಿದಂತೆಯೇ ಸರಿ.

ಹಾಗೆಂದು ಆ ಕಟ್ಟಳೆಯೊಳಗೆ ಕಲೆಯೇ ಹುಟ್ಟಲಿಲ್ಲವೆಂದಲ್ಲ. ಸ್ಟ್ಯಾನ್ಲಿ ಕ್ಯೂಬ್ರಿಕ್ಕನ ‘ದಿ ಕಿಲ್ಲಿಂಗ್’ (1956) ಚಿತ್ರದಲ್ಲಿ ಕುದುರೆಪಂದ್ಯದ ಮೈದಾನದಿಂದ ಕದ್ದ ಹಣವು, ಒಂದು ಪುಟ್ಟ ನಾಯಿಯ ಓಟದಿಂದ ಪೆಟ್ಟಿಗೆ ಉರುಳಿಬಿದ್ದು, ವಿಮಾನದ ಗಾಳಿಗೆ ತರಗೆಲೆಯಂತೆ ಹಾರಿಹೋಗುತ್ತದೆ. ಅಲ್ಲಿ ಶಿಕ್ಷಿಸುವುದು ಸಂಹಿತೆಯಂತೆ ಕಾಣದು, ವಿಧಿಯಂತೆ ಕಾಣುತ್ತದೆ. ಗುಣವಿರುವುದು ಶಿಕ್ಷೆಯಲ್ಲಲ್ಲ, ಅದನ್ನು ಬರಿಸಿದ ಬಗೆಯಲ್ಲಿ.

ಇನ್ನು 2001ರ ಮರುಚಿತ್ರ. ಸ್ಟೀವನ್ ಸೋಡರ್‌ಬರ್ಗನು ಮೂರು ಜೂಜುಮಂದಿರಗಳ ಹಣವನ್ನು ಒಂದೇ ಭಂಡಾರದಲ್ಲಿ ಕೂಡಿಸಿ, ನಾಯಕನ ಮುರಿದ ದಾಂಪತ್ಯವನ್ನು ಸಂಚಿನೊಳಕ್ಕೇ ಹೆಣೆದನು. ಅಲ್ಲಿ ಕಳ್ಳರು ಪಾರಾಗುತ್ತಾರೆ. ಆದರೂ ಕಟ್ಟಡವು ಮೂಲಕ್ಕಿಂತ ಬಿಗಿಯಾಗಿದೆ. ಇದಕ್ಕೆ ಪ್ರತಿಯಾಗಿ ‘ದಿ ಇಟಾಲಿಯನ್ ಜಾಬ್’ ಉಂಟು. 1969ರ ಮೂಲವು ಚಿನ್ನ ತುಂಬಿದ ಬಸ್ಸನ್ನು ಪ್ರಪಾತದ ಅಂಚಿನಲ್ಲಿ ತೂಗಬಿಟ್ಟು ಮುಗಿಯುತ್ತದೆ: ಫಲವೂ ಇಲ್ಲ, ಶಿಕ್ಷೆಯೂ ಇಲ್ಲ. 2003ರ ಮರುಚಿತ್ರವು ಅದನ್ನು ದ್ರೋಹಿಯ ಮೇಲಿನ ಸೇಡಿನ ಕಥೆಯಾಗಿ ಮಾರ್ಪಡಿಸಿ, ಕಳ್ಳರಿಗೆ ನ್ಯಾಯದ ಪಕ್ಷವನ್ನು ಕೊಟ್ಟು, ಪ್ರೇಕ್ಷಕನ ಇಕ್ಕಟ್ಟನ್ನು ತಪ್ಪಿಸಿಬಿಟ್ಟಿತು. ಇಲ್ಲಿ ನಷ್ಟವಾದದ್ದು ನಿಜ. ಅದನ್ನು ತೂಗಿ ಹೇಳುವುದೇ ವಿಮರ್ಶೆ.

ಪಂಪನು ವ್ಯಾಸಭಾರತವನ್ನು ಮತ್ತೆ ಹೇಳಿದನೆಂದು ಕನ್ನಡಿಗರು ಅವನನ್ನು ಕೀಳುಗಳೆಯಲಿಲ್ಲ; ಅರ್ಜುನನನ್ನು ನಾಯಕನನ್ನಾಗಿಸಿ ಏನನ್ನು ಗಳಿಸಿದನು, ಏನನ್ನು ಕಳೆದನು ಎಂದು ವಿಚಾರಿಸಿದರು. ಬೆಳ್ಳಿತೆರೆಗೂ ಅದೇ ತಕ್ಕಡಿ ಸಲ್ಲಬೇಕು. ವಿಮರ್ಶೆಯನ್ನು ನಂಬಿ ಮಕ್ಕಳೊಡನೆ ಚಿತ್ರಮಂದಿರಕ್ಕೆ ಹೊರಡುವ ಗೃಹಸ್ಥನಿಗೆ ಬೇಕಾದದ್ದು ಕೃತಿಯ ತೂಕವೇ ಹೊರತು ಅದರ ವಯಸ್ಸಲ್ಲ. ಹುಟ್ಟಿದ ವರ್ಷವನ್ನು ನೋಡಿ ಯೋಗ್ಯತೆಯನ್ನು ಹೇಳುವುದು ಜಾತಕ ಬರೆಯುವವರ ಕಸುಬು. ವಿಮರ್ಶಕರು ಅದನ್ನು ಅವರಿಗೇ ಬಿಟ್ಟುಕೊಡುವುದು ಲೇಸು.